ಸುರಪುರಕ್ಕೆ ಸ್ನೋ ಬ್ಲೇಡ್ ಬಂದದ್ದು

ರಾಜ್ಯ ಬದಲಾಗುವುದು ಒಂದು ದಿನದ ಕೆಲಸ. ಕಚೇರಿಯ ಭಾಷೆ ಬದಲಾಗಲು ವರ್ಷಗಳು ಬೇಕು. ಆ ವರ್ಷಗಳಲ್ಲಿ ಗುಮಾಸ್ತನಾಗಿದ್ದವನಿಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ನಾನು ಅಂಥ ಒಬ್ಬ ಗುಮಾಸ್ತ.

ನಮ್ಮ ಸೀಮೆ ಹೈದರಾಬಾದಿನ ಕೈಬಿಟ್ಟು ಮೈಸೂರಿಗೆ ಸೇರಿದ ಹೊಸತು. ಸುರಪುರದಲ್ಲಿ ರೈತರದೊಂದು ಚಿಕ್ಕ ಸಂಘವಿತ್ತು, ನಾನು ಅಲ್ಲಿ ಸೇರಿದೆ. ಓದಿದ್ದು ಉರ್ದು, ಆಡುವುದು ಕನ್ನಡ, ಟಪಾಲಿನಲ್ಲಿ ಬರುವುದು ಇಂಗ್ಲಿಷ್. ಕೆಲಸಕ್ಕೆ ತೆಗೆದುಕೊಳ್ಳುವಾಗ ಸಂಘದ ಅಧ್ಯಕ್ಷರಾದ ಗೌಡರು, "ಇಂಗ್ಲಿಷ್ ಬರ್ತದೇನು?" ಎಂದು ಕೇಳಿದರು. ನಾನು "ಎಸ್ ಸರ್" ಎಂದೆ. ಅಷ್ಟು ಬರುತ್ತಿತ್ತು.

"ಆರು ತಿಂಗಳು ನೋಡ್ತೀನಿ. ನೆಟ್ಟಗ ಮಾಡಿದ್ರ ಕಾಯಂ. ಇಲ್ಲಾಂದ್ರ ಗೋಗಿ ಬಸ್ಸು ಹತ್ತಬೇಕು ನೋಡು" ಎಂದರು ಗೌಡರು.

ಗೋಗಿ ನನ್ನೂರು. ಮಗ ಸುರಪುರದಲ್ಲಿ ಸರಕಾರ ನಡೆಸುತ್ತಿದ್ದಾನೆ ಅಂತ ನಮ್ಮವ್ವ ಆಗಲೇ ಓಣಿಗೆಲ್ಲ ಹೇಳಿ ಮುಗಿಸಿದ್ದಳು. ಆ ಬಸ್ಸು ಹತ್ತುವುದಕ್ಕಿಂತ ಇಂಗ್ಲಿಷ್ ಕಲಿಯುವುದು ವಾಸಿ ಅನಿಸಿತು.

ಬೆಳ್ಳಗಿನ ಗುಡ್ಡಿ

ಸಂಘದ ಗೋದಾಮು ರಂಗಂಪೇಟೆಯ ಅಂಚಿನಲ್ಲಿ, ಗುಡ್ಡದ ಬುಡದಲ್ಲಿತ್ತು. ರಸ್ತೆಯ ಗೇಟಿನಿಂದ ಗೋದಾಮಿನ ಬಾಗಿಲಿಗೆ ನೂರು ಹೆಜ್ಜೆಯ ದಾರಿ. ಮಳೆ ಬಿತ್ತೆಂದರೆ ಗುಡ್ಡದ ಮಣ್ಣೆಲ್ಲ ಆ ದಾರಿಗೆ ಇಳಿಯುತ್ತಿತ್ತು. ಮೊಣಕಾಲುದ್ದ ರಾಡಿ. ಒಂದು ಸಲ ಬೀಜದ ಚೀಲ ಒಯ್ಯಲು ಬಂದ ಬಂಡಿ ಎರಡು ದಿನ ಅಲ್ಲೇ ನಿಂತಿತ್ತು. ಎತ್ತುಗಳು ಬಿಡಿಸಿಕೊಂಡು ಮನೆಗೆ ಹೋದವು, ಬಂಡಿಯ ಯಜಮಾನ ಮಾತ್ರ ಬಂಡಿಯ ಮೇಲೆ ಕೂತು ನಮ್ಮನ್ನು ಬೈಯುತ್ತಿದ್ದ.

ಸಂಘಕ್ಕೆ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ಅದಕ್ಕೆ ಹಚ್ಚುವ ಸಾಮಾನೊಂದನ್ನು ತರಿಸಿದರೆ ದಾರಿ ತೆರವಾಗುತ್ತದೆ ಎಂದು ಯಾರೋ ಗೌಡರ ಕಿವಿಗೆ ಹಾಕಿದರು. ಮುಂಬೈಯ ಏಜೆಂಟನೊಬ್ಬ ಚಿತ್ರದ ಪುಸ್ತಕ ಕಳಿಸಿದ. ಗೌಡರು, ಡ್ರೈವರ್ ಕಾಕಾ, ನಾನು, ಮೂವರೂ ಅದನ್ನು ಮಧ್ಯೆ ಇಟ್ಟುಕೊಂಡು ಕೂತೆವು. ಪ್ರತಿ ಚಿತ್ರದಲ್ಲೂ ಗೇಟಿನಿಂದ ಮನೆಯ ತನಕ ಥೇಟು ನಮ್ಮಂಥದೇ ದಾರಿ, ದಾರಿಯ ತುಂಬ ಬೆಳ್ಳಗಿನ ಗುಡ್ಡಿ, ಅದನ್ನು ತೆಗೆಯುತ್ತಿರುವ ಒಂದು ಟ್ರ್ಯಾಕ್ಟರ್.

"ಈ ಬೆಳ್ಳಗಿಂದು ಏನದು?" ಎಂದರು ಗೌಡರು.

"ಉಪ್ಪು ಇರ್ಬೇಕ್ರಿ" ಎಂದ ಕಾಕಾ.

"ಹತ್ತಿ ಇರಬಹುದ್ರಿ" ಎಂದೆ ನಾನು.

"ಇಷ್ಟು ಹತ್ತಿ ಬಾಗಿಲಾಗ ಚೆಲ್ಲೋ ಸಾವಕಾರ ಯಾವನೋ? ಸುಣ್ಣ ಅದು. ಮನಿಗಿ ಸುಣ್ಣ ಹೊಡಿಯಾಕತ್ತಾರ" ಎಂದು ಗೌಡರು ತೀರ್ಪು ಕೊಟ್ಟರು.

ಇನ್ನು ಯಾವುದನ್ನು ಆರಿಸುವುದು? ಗೌಡರ ಕಣ್ಣು ದೊಡ್ಡ ಕಬ್ಬಿಣದ ಬುಟ್ಟಿಯ ಮೇಲೆ ಬಿತ್ತು. ಕಾಕಾ ಒಪ್ಪಲಿಲ್ಲ. "ಬುಟ್ಟಿ ತುಂಬಿ ಎತ್ತೋದು ಖರೆ, ಒಯ್ದು ಎಲ್ಲಿ ಹಾಕೋದ್ರಿ? ಹೋಗಿ ಬಂದು, ಹೋಗಿ ಬಂದು, ಸಂಜಿ ಆಗ್ತದ. ನಮಗ ಬದಿಗಿ ದೂಡೋದು ಬೇಕು." ಇನ್ನೊಂದು ಚಿತ್ರದಲ್ಲಿ ತಿರುಗುವ ಸುರುಳಿಯೊಂದು ಆ ಬೆಳ್ಳಗಿನದನ್ನು ನುಂಗಿ ಚಿಮಣಿಯಿಂದ ದೂರಕ್ಕೆ ಉಗುಳುತ್ತಿತ್ತು. ಗೌಡರಿಗೆ ಅದು ಬಹಳ ಹಿಡಿಸಿತು. "ಸುಣ್ಣ ಹಾರ್ತದ್ರಿ, ನಮ್ಮ ರಾಡಿ ಹಾರಂಗಿಲ್ಲ. ಗಂಟಲಾಗ ರೊಟ್ಟಿ ಸಿಕ್ಕಂಗ ಆಗ್ತದ" ಎಂದ ಕಾಕಾ.

ಉಳಿದದ್ದು ಅಗಲವಾದ ಕಬ್ಬಿಣದ ಹಲಗೆ. ಅದರಲ್ಲಿ ಎರಡು ನಮೂನೆ, ಹಿಂದೆ ಹಚ್ಚುವುದೊಂದು, ಮುಂದೆ ಹಚ್ಚುವುದೊಂದು. ಹಿಂದಿನದು ಗಟ್ಟಿಮುಟ್ಟಾಗಿ ಕಾಣುತ್ತಿತ್ತು. ಕಾಕಾ ಅದಕ್ಕೂ ತಲೆಯಾಡಿಸಿದ.

"ಅದನ್ನ ಹಚ್ಚಿದ್ರ ದಿನಾಪೂರ್ತಿ ಕುತ್ತಿಗಿ ಹೊಳ್ಳಿಸಿ ಕೂಡಬೇಕ್ರಿ. ನಾ ಹೆಂಡ್ತಿ ಕರದ್ರ ಹೊಳ್ಳಿ ನೋಡಂಗಿಲ್ಲ, ರಾಡಿ ಸಲುವಾಗಿ ನೋಡ್ಲೇನು?"

ಮುಂದೆ ಹಚ್ಚುವುದೇ ಇರಲಿ ಎಂದಾಯಿತು. ಅದರ ನಂಬರು ಏಳು. ನಾನು ಹೆಸರಿನ ಗೋಜಿಗೆ ಹೋಗದೆ ನಂಬರು ಬರೆದು ಕಳಿಸಿದೆ.

ಗಡ್ಡದ ಸಾಮಾನು

ಒಂದೂವರೆ ತಿಂಗಳಿಗೆ ಏಜೆಂಟನ ಕಾಗದ ಬಂತು. ಅದೇ ವಾರ ಮತ್ತೊಂದು ಕಾಗದವೂ ಬಂದಿತ್ತು, ಮೈಸೂರು ಕಡೆಯ ದೊಡ್ಡ ಸಾಹೇಬರೊಬ್ಬರು ಸಂಘದ ತಪಾಸಣೆಗೆ ಬರುತ್ತಾರೆಂದು. ಹಾಗಾಗಿ ಗೌಡರು ಬೆನ್ನು ನೆಟ್ಟಗೆ ಮಾಡಿ ಕೂತು, "ಓದು" ಎಂದರು.

ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ನೀವು ಬಯಸಿದ ಸಾಮಾನು ಯಾದಗಿರಿ ಸ್ಟೇಷನ್ನಿಗೆ ಬಂದಿದೆ, ಬಿಡಿಸಿಕೊಳ್ಳಿ. ಸಾಮಾನಿನ ಹೆಸರು, ಸ್ನೋ ಬ್ಲೇಡ್.

ಸ್ನೋ ಅಂದರೆ ಏನೆಂದು ತಿಳಿಯದವರು ಆಗ ಸುರಪುರದಲ್ಲಿ ಯಾರೂ ಇರಲಿಲ್ಲ. ಮುಖಕ್ಕೆ ಹಚ್ಚುವ ಬಿಳಿ ಕ್ರೀಮು, ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಹೊಸ ಮದುಮಗಳು ಅದನ್ನು ಹಚ್ಚಿ, ಮೇಲೆ ಪೌಡರು ಬಡಿದುಕೊಂಡರೆ ಸಿಂಗಾರ ಮುಗಿಯಿತು. ಬ್ಲೇಡೂ ಎಲ್ಲರಿಗೆ ಗೊತ್ತು. ಕ್ಷೌರದ ಅಂಗಡಿಯಲ್ಲಿ ಮೊದಲು ಬ್ಲೇಡ್, ಆಮೇಲೆ ಸ್ನೋ.

"ಮದುವಿ ಗಿದುವಿ ಮಾಡ್ಕೊಳ್ಳೋ ವಿಚಾರ ಅದ ಏನು ನಿಂದು?" ಎಂದು ಗೌಡರು ಮೆತ್ತಗೆ ಕೇಳಿದರು. ಅವರು ಮೆತ್ತಗಾದರೆ ನನಗೆ ಹೆದರಿಕೆ ಜಾಸ್ತಿ.

ನಾನು ಓಡಿಹೋಗಿ ಇಂಗ್ಲಿಷ್–ಉರ್ದು ಡಿಕ್ಷನರಿ ತಂದೆ. ಅದರಲ್ಲಿ ಸ್ನೋ ಅಂದರೆ ಬರ್ಫ್ ಎಂದಿತ್ತು. ಬರ್ಫ್ ಅಂದರೆ ನಮಗೆ ಶರಬತ್ತಿನ ಅಂಗಡಿಯವ ಹೊಟ್ಟಿನಲ್ಲಿ ಸುತ್ತಿಡುವ ಐಸಿನ ಗಡ್ಡೆ. "ಬರ್ಫ್ ಅಂತದ್ರಿ" ಎಂದೆ.

"ಸರಿ ಅದ. ಮುಖಕ್ಕ ಹಚ್ಚಿದ್ರ ತಣ್ಣಗಾಗ್ತದ, ಅದಕ್ಕ ಬರ್ಫ್ ಅಂದಾರ" ಎಂದರು ಗೌಡರು. ನಾನು ಡಿಕ್ಷನರಿ ಮುಚ್ಚಿದೆ.

ನನಗೆ ಬೇರೊಂದು ಅನುಮಾನ ಸುರುವಾಗಿತ್ತು. ಉರ್ದುವಿನಲ್ಲಿ ಏಳು ಬರೆಯುವುದೆಂದರೆ ಬಾಯಿ ಮೇಲೆ ಮಾಡಿದ ಚಿಮಟ. ಅದನ್ನೇ ಬೋರಲು ಹಾಕಿದರೆ ಎಂಟು. ರೂಢಿಯ ಮೇಲೆ ನಾನು ಉರ್ದು ಅಂಕಿ ಬರೆದುಬಿಟ್ಟೆನೋ ಏನೋ, ಆ ಏಜೆಂಟ ಕಾಗದ ತಲೆಕೆಳಗೆ ಹಿಡಿದನೋ ಏನೋ. ಎಂಟನೆಯ ನಂಬರಿನಲ್ಲಿ ಏನಿತ್ತೆಂದು ನೆನಪಾಗಲಿಲ್ಲ. ಪುಸ್ತಕವನ್ನು ಗೌಡರ ಮೊಮ್ಮಕ್ಕಳು ಚಿತ್ರ ಕತ್ತರಿಸಲು ಒಯ್ದಿದ್ದರು. ನನ್ನ ಮುಖ ನೋಡಿಯೇ ಗೌಡರಿಗೆ ಎಲ್ಲ ಖಾತ್ರಿಯಾಯಿತು.

"ರಾಡಿ ತೆಗಿಯೋ ಸಾಮಾನು ತರಿಸು ಅಂದ್ರ, ಗಡ್ಡ ತೆಗಿಯೋ ಸಾಮಾನು ತರಿಸಿಯಲ್ಲೋ ತಮ್ಮಾ" ಎಂದರು.

ಕೈಚೀಲ

ಮರುದಿನ ಬೆಳಿಗ್ಗೆ ಗೌಡರು ನನ್ನ ಕೈಗೆ ಒಂದು ಕೈಚೀಲ ಕೊಟ್ಟು ಯಾದಗಿರಿಗೆ ಕಳಿಸಿದರು. "ಬಾಟ್ಲಿ ಒಡದಾವು, ಹುಷಾರು. ಹಿಂಗ ತಂದು ಹಿಂಗ ಮುಂಬೈಗಿ ವಾಪಸ್ ಹಚ್ಚು. ಆಮ್ಯಾಲ ನಿನ್ನ ವಿಚಾರ ಮಾಡೂಣು."

ಬಸ್ಸು ಶಹಾಪುರದಲ್ಲಿ ನಿಂತಾಗ ಪಕ್ಕದಲ್ಲೇ ಗೋಗಿಯ ಬಸ್ಸು ನಿಂತಿತ್ತು. ಅದರ ಕಂಡಕ್ಟರ್ ನನ್ನ ಗುರುತು ಹಿಡಿದು, "ಬರ್ತೀರೇನು? ಜಾಗಾ ಖಾಲಿ ಅದ" ಎಂದ. ಪಾಪ, ಅವನಿಗೇನು ಗೊತ್ತು. ನಾನು ಮುಖ ಆ ಕಡೆ ತಿರುಗಿಸಿದೆ.

ಯಾದಗಿರಿ ಸ್ಟೇಷನ್ನಿನ ಪಾರ್ಸಲ್ ಬಾಬು ರಸೀದಿ ನೋಡಿ ನನ್ನ ಕಡೆ ನೋಡಿದರು, ನನ್ನ ಹೆಗಲ ಹಿಂದೆ ನೋಡಿದರು.

"ಎಷ್ಟು ಮಂದಿ ಬಂದೀರಿ?"

"ಒಬ್ಬನ ಬಂದೇನ್ರಿ."

"ಏನ್ ತಂದೀರಿ?"

ನಾನು ಕೈಚೀಲ ತೋರಿಸಿದೆ. ಬಾಬು ನನ್ನನ್ನು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. ಅಲ್ಲಿ ಆರಡಿ ಉದ್ದದ ಕಟ್ಟಿಗೆಯ ಪೆಟ್ಟಿಗೆ, ಮೇಲೆ ನಮ್ಮ ಸಂಘದ ಹೆಸರು. ಹಲಗೆಯ ಸಂದಿಯಿಂದ ಕಬ್ಬಿಣ ಕಾಣುತ್ತಿತ್ತು. ಕಬ್ಬಿಣ ನೋಡಿ ಅಷ್ಟು ಸಂತೋಷಪಟ್ಟವನು ನಾನೊಬ್ಬನೇ ಇರಬೇಕು. ಪೆಟ್ಟಿಗೆಯ ಮೇಲೆ ಕೈಯಾಡಿಸಿದೆ. ಕಣ್ಣಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ಅದಕ್ಕೊಂದು ಕೈಮುಗಿದೆ ಕೂಡ.

ಬಾಬು ಕೈಚೀಲದ ಬಾಯಿ ಅಗಲಿಸಿ ಹಿಡಿದು, "ಹೂಂ, ತುಂಬ್ಕೋರಿ ಮತ್ತ" ಎಂದರು.

ಯಾರ ಗಡ್ಡಕ್ಕೆ?

ಸುರಪುರದ ಕಡೆ ಹೊರಟ ಲಾರಿಯೊಂದರಲ್ಲಿ ಪೆಟ್ಟಿಗೆ ಏರಿಸಿಕೊಂಡು ಬಂದೆ. ಅಷ್ಟರಲ್ಲಿ ರಂಗಂಪೇಟೆಗೆಲ್ಲ ಸುದ್ದಿ ಮುಟ್ಟಿತ್ತು. ಸಂಘಕ್ಕೆ ಮುಂಬೈಯಿಂದ ಸ್ನೋ, ಬ್ಲೇಡು ಬಂದಿವೆಯಂತೆ, ಸದಸ್ಯರಿಗೆ ಹಂಚುತ್ತಾರಂತೆ. ಗೋದಾಮಿನ ಗೇಟಿನಲ್ಲಿ ಎಂಟು ಹತ್ತು ಮಂದಿ ಹೆಂಗಸರು. ಅವರ ಮುಂದೆ ಕ್ಷೌರದ ಅಂಗಡಿಯ ಯಜಮಾನರು. "ಗಿರಾಕಿ ಕುಂಡ್ರಿಸಿ ಬಂದೇನ್ರಿ, ನಂದು ಮೊದ್ಲ ಕೊಟ್ಟುಬಿಡ್ರಿ" ಎಂದು ಅವಸರ ಮಾಡಿದರು. ಆ ಗಿರಾಕಿಯೂ ಅರ್ಧ ಗಡ್ಡದ ಸಾಬೂನಿನೊಂದಿಗೆ ಹಿಂದೆ ನಿಂತಿದ್ದ.

ಕಾಕಾ ಪೆಟ್ಟಿಗೆ ಒಡೆದ. ಆರಡಿ ಉದ್ದದ, ಸೊಂಟದೆತ್ತರದ ಬಾಗಿದ ಕಬ್ಬಿಣದ ಹಲಗೆ ಹೊರಬಂತು. ಕ್ಷೌರದ ಯಜಮಾನರು ಅದನ್ನು ಒಂದು ಸುತ್ತು ಹಾಕಿ, ರೂಢಿಯಂತೆ ಹೆಬ್ಬೆರಳಿನಿಂದ ಅಂಚು ಸವರಿ ನೋಡಿದರು.

"ಇದರಿಂದ ಯಾರ ಗಡ್ಡ ತೆಗೀತೀರಿ?" ಎಂದರು.

"ಗಡ್ಡಕ್ಕಲ್ರಿ, ಗುಡ್ಡಕ್ಕ" ಎಂದ ಕಾಕಾ.

ಮರುದಿನವೇ ಹಲಗೆಯನ್ನು ಟ್ರ್ಯಾಕ್ಟರಿನ ಮುಂದೆ ಹಚ್ಚಿದೆವು. ಕಾಕಾ ಮೊದಲು ಅದನ್ನು ನೇರ ಇಟ್ಟು ದೂಡಿದ. ರಾಡಿಯೆಲ್ಲ ಮುಂದೆ ಗುಂಪಾಗಿ ಟ್ರ್ಯಾಕ್ಟರು ನಿಂತೇಬಿಟ್ಟಿತು. ಆಮೇಲೆ ಅವನು ಇಳಿದು, ಬೀಡಿ ಹಚ್ಚಿ, ಸ್ವಲ್ಪ ಹೊತ್ತು ನೋಡಿ, ಹಲಗೆಯನ್ನು ಓರೆಯಾಗಿ ತಿರುಗಿಸಿ ಬೋಲ್ಟು ಬಿಗಿದ. ಈ ಸಲ ರಾಡಿ ಹೊರಳುತ್ತ ಹೊರಳುತ್ತ ಬದಿಗೆ ಹೋಗಿ ಒಡ್ಡಿನಂತೆ ಕೂತಿತು. ತಾಸೊಪ್ಪತ್ತಿನಲ್ಲಿ ನೂರು ಹೆಜ್ಜೆಯ ದಾರಿ ಸಾರಿಸಿದ ಅಂಗಳವಾಯಿತು. ಗೌಡರು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗೇಟಿನಿಂದ ಬಾಗಿಲ ತನಕ ನಡೆದು, ಅಂಗಾಲು ಎತ್ತಿ ನೋಡಿಕೊಂಡರು. ನನಗೆ ಆ ರಾತ್ರಿ ಕಾಗದ ಬಂದ ದಿನದಿಂದ ತಪ್ಪಿದ ನಿದ್ದೆಯೆಲ್ಲ ಒಟ್ಟಿಗೆ ಬಂತು.

ಹೆಂಗಸರು ಮಾತ್ರ ಮುನಿಸಿಕೊಂಡರು. ಸ್ನೋ ಎಲ್ಲ ಗೌಡರ ಮನೆಯವರೇ ಇಟ್ಟುಕೊಂಡಿದ್ದಾರೆ ಎಂದು ಬಹಳ ದಿನ ಆಡಿಕೊಂಡರು.

ತಪಾಸಣೆ

ಸಾಹೇಬರು ಬಂದರು. ಮಳೆ ಬಿಟ್ಟು ಹದಿನೈದು ದಿನವಾಗಿ ಮತ್ತೆ ಧೂಳು ಸುರುವಾಗಿತ್ತು, ಜೀಪಿನಿಂದ ಇಳಿದವರ ಹುಬ್ಬು ಕೂಡ ಕೆಂಪಗಾಗಿತ್ತು. ದಾರಿ ನೋಡಿ ಮೆಚ್ಚಿದರು. ಲೆಡ್ಜರುಗಳನ್ನು ನೋಡಿದರು. ನನ್ನ ಇಂಗ್ಲಿಷ್ ನೋಡಿ ಏನೂ ಹೇಳಲಿಲ್ಲ, ದೊಡ್ಡ ಮನಸ್ಸು. ಆಮೇಲೆ ಟ್ರ್ಯಾಕ್ಟರಿನ ಹತ್ತಿರ ಹೋಗಿ, ಹಲಗೆಯ ಮೇಲೆ ಬರೆದಿದ್ದ ಅಕ್ಷರ ಓದಿ ನಿಂತುಬಿಟ್ಟರು.

"ಸ್ನೋ ಬ್ಲೇಡಾ? ಇದನ್ನ ಆರಿಸಿದ್ದು ಯಾರ್ರೀ?"

ಗೌಡರು ನನ್ನ ಕಡೆ ನೋಡಿದರು. ಕಾಕಾ ನನ್ನ ಕಡೆ ನೋಡಿದ. ಚಿತ್ರ ನೋಡುವಾಗ ಮೂವರಿದ್ದೆವು, ಈಗ ನಾನೊಬ್ಬನೇ ಉಳಿದೆ. "ನಾನ್ರಿ" ಎಂದೆ.

"ಜಾಗಕ್ಕೆ ಉಪಯೋಗವಿಲ್ಲದ ಸಾಮಾನು ತರಿಸಿದರೆ ವಾಪಸ್ಸು ಮಾಡಬೇಕು ಅಂತ ರೂಲಿದೆ, ಗೊತ್ತೇನಯ್ಯಾ? ತರಿಸಿದವನನ್ನೂ ಸೇರಿಸಿ." ಸಾಹೇಬರ ಮುಖ ಗಂಟಾಗಿತ್ತು. "ಈ ಊರಲ್ಲಿ ಸ್ನೋ ಎಲ್ಲಿದೆ? ತೋರಿಸಿ ನೋಡೋಣ."

ಗೋಗಿ ಬಸ್ಸಿನ ಹಾರ್ನು ಕಿವಿಯಲ್ಲೇ ಕೇಳಿಸಿದ ಹಾಗಾಯಿತು. ಅಷ್ಟರಲ್ಲಿ ಗೌಡರು ಎದೆ ಸೆಟೆಸಿ ಮುಂದೆ ಬಂದರು. ತಮ್ಮ ಊರಿಗೆ ಇಲ್ಲ ಅನ್ನುವ ಮಾತು ಅವರಿಗೆ ಎಂದೂ ಆಗಿಬರುತ್ತಿರಲಿಲ್ಲ.

"ಯಾಕಿಲ್ರಿ ಸಾಹೇಬ್ರ? ಅದ. ಐದು ಮಿನಿಟ್ ಕುಂಡ್ರಿ" ಎಂದವರೇ ಪಕ್ಕದ ಓಣಿಯ ತಮ್ಮ ಮನೆಗೆ ನಡೆದರು.

ಸಾಹೇಬರು ಕುರ್ಚಿಯಲ್ಲಿ ಕೂತು ದಾರಿ ನೋಡಿದರು. ಗೌಡರು ಬಂದಾಗ ಒಂದು ಕೈಯಲ್ಲಿ ಹಿತ್ತಾಳೆಯ ತಂಬಿಗೆ, ಹೆಗಲ ಮೇಲೆ ಹೊಸ ಟವೆಲು, ಇನ್ನೊಂದು ಕೈಯಲ್ಲಿ ಸ್ನೋ ಬಾಟಲಿ.

"ನಮ್ಮ ದಾರಿ ಧೂಳ ಭಾಳ್ರಿ. ಮುಖಾ ತೊಳ್ಕೋರಿ, ಒರಸ್ಕೋರಿ, ಆಮ್ಯಾಲ ಹಚ್ಕೋರಿ. ಸಂಕೋಚ ಬ್ಯಾಡ. ಸೊಸಿದು, ಹೊಸಾ ಬಾಟ್ಲಿ" ಎಂದು ಮುಚ್ಚಳ ತೆಗೆದು ಮುಂದೆ ಹಿಡಿದರು.

ಸಾಹೇಬರು ಬಾಟಲಿ ನೋಡಿದರು, ಹಲಗೆ ನೋಡಿದರು, ಗೌಡರ ಮುಖ ನೋಡಿದರು. ಅಲ್ಲಿ ಉಪಚಾರದ ಹೊರತು ಬೇರೇನೂ ಇರಲಿಲ್ಲ. ಎದ್ದು ಮುಖ ತೊಳೆದು, ಒರೆಸಿ, ಎರಡು ಬೆರಳಿನಲ್ಲಿ ಸ್ನೋ ತೆಗೆದು ಕೆನ್ನೆಗೆ ಹಚ್ಚಿಕೊಂಡರು. ಅರ್ಧ ಹಚ್ಚುವಷ್ಟರಲ್ಲಿ ನಗು ತಡೆಯದೆ ಕುರ್ಚಿ ಹಿಡಿದುಕೊಂಡರು. ನಕ್ಕು ನಕ್ಕು ಕಣ್ಣೀರು ಬಂದು ಹಚ್ಚಿದ್ದೆಲ್ಲ ತೊಳೆದುಹೋಯಿತು. ಗೌಡರು ಮತ್ತೆ ಬಾಟಲಿ ಮುಂದೆ ಹಿಡಿದರು.

ಸುಧಾರಿಸಿಕೊಂಡ ಮೇಲೆ ಸಾಹೇಬರು ತಪಾಸಣೆಯ ಪುಸ್ತಕ ಕೇಳಿ ಇಂಗ್ಲಿಷಿನಲ್ಲಿ ಮೂರು ಸಾಲು ಬರೆದರು. ನನ್ನ ತಲೆಯಲ್ಲಿ ಅದು ಇಂದಿಗೂ ಕನ್ನಡದಲ್ಲೇ ಇದೆ: "ಈ ಊರಿನಲ್ಲಿ ಸ್ನೋ ಲಭ್ಯವಿದೆ. ಬ್ಲೇಡ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಗುಮಾಸ್ತನನ್ನು ಕಾಯಂ ಮಾಡಬಹುದು." ಮೂರನೆಯ ಸಾಲನ್ನು ನಾನು ನಾಲ್ಕು ಸಲ ಓದಿದೆ.

ಜೀಪು ಹತ್ತುವ ಮುನ್ನ ಸಾಹೇಬರು ನಿಧಾನವಾಗಿ ತಿಳಿಸಿ ಹೇಳಿದರು. ಚಳಿಯ ದೇಶಗಳಲ್ಲಿ ಆಕಾಶದಿಂದ ಬೆಳ್ಳಗೆ, ಹತ್ತಿಯ ಹಾಗೆ ಹಿಮ ಬೀಳುತ್ತದೆ, ಅದಕ್ಕೇ ಸ್ನೋ ಅನ್ನುವುದು, ಬಾಗಿಲ ಮುಂದೆ ಆಳೆತ್ತರ ಬಿದ್ದದ್ದನ್ನು ಈ ಹಲಗೆಯಿಂದ ದೂಡುತ್ತಾರೆ. ಗೌಡರು ಕೈಕಟ್ಟಿ ನಿಂತು, "ಹೌದ್ರಿ, ಹೌದ್ರಿ" ಎಂದು ಎಲ್ಲವನ್ನೂ ಕೇಳಿದರು. ಜೀಪು ಗೇಟು ದಾಟಿ ಕಣ್ಮರೆಯಾಯಿತು.

"ಛಲೋ ಮನಷ್ಯಾ" ಎಂದರು ಗೌಡರು, ಬಾಟಲಿಗೆ ಮುಚ್ಚಳ ತಿರುಗಿಸುತ್ತ. "ಖರೆ, ಸುಳ್ಳು ಭಾಳ ಹೇಳ್ತಾನ. ಸ್ನೋ ಮುಗಿಲಿಂದ ಬೀಳ್ತದಂತ. ಬಾಟ್ಲಿ ಸಮೇತ ಬೀಳ್ತದೋ, ಬರೇ ಸ್ನೋ ಅಷ್ಟ ಬೀಳ್ತದೋ, ಕೇಳಬೇಕಿಲ್ಲೇನು ನೀ?"