ಆರಾಮ ಅನ್ನಬಾರದು

ಮಗಳು ಸುಧಾಳನ್ನು ಬೆಳಗಾವಿಯ ದೊಡ್ಡ ಡಾಕ್ಟರಿಗೆ ತೋರಿಸುವ ಪೂರ್ವಸಿದ್ಧತೆಯನ್ನು ನಾನೇ ವಹಿಸಿಕೊಂಡೆ. ಇಡೀ ಕುಲಗೋಡದಲ್ಲಿ ನನ್ನಷ್ಟು ಮಾತು ಬಲ್ಲವರು ಯಾರಿದ್ದಾರೆ?

ಎಂಟು ವರ್ಷದ ಹುಡುಗಿ. ಜ್ವರ ಬರುತ್ತದೆ, ಮೊಣಕಾಲು ಬಾತುಕೊಳ್ಳುತ್ತದೆ, ಕಣ್ಣು ಕೆಂಪಾಗುತ್ತದೆ. ಡಾಕ್ಟರ ಮುಂದೆ ಕೂರಿಸಿದ ಕೂಡಲೇ ಎಲ್ಲವೂ ಮಾಯ! "ಬೆಳಗಾವ್ಯಾಗ ಒಂದೂ ಬಿಡದ ಹೇಳ್ರಿ. ನೀವು ಹೇಳೂದರ ಮ್ಯಾಲೇ ಅವರು ರೋಗದ ಗುರ್ತ ಹಿಡೀಬೇಕು" ಎಂದಿದ್ದರು ಗೋಕಾಕದ ಡಾಕ್ಟರು. ಅಂದಿನಿಂದ ನನಗೆ ಅನ್ನ ಸೇರುತ್ತಿರಲಿಲ್ಲ.

ನಮ್ಮ ಕಡೆ ಒಂದು ಕಷ್ಟ. ಹೇಗಿದ್ದೀರಿ ಎಂದು ಯಾರೇ ಕೇಳಲಿ, ಕಾಲು ಮುರಿದು ಮಲಗಿದವನೂ "ಆರಾಮ ಅದೀನ್ರಿ" ಎನ್ನಬೇಕು. ಇಲ್ಲದಿದ್ದರೆ ಕೇಳಿದವರಿಗೆ ಅವಮಾನ! ಆದ್ದರಿಂದ ತಾಲೀಮು ಆರಂಭಿಸಿದೆ. ಹೆಂಡತಿ ಶಾಂತಾ ಡಾಕ್ಟರ್, ನಾನು ನಿರ್ದೇಶಕ.

"ಹೆಂಗದೀಯವಾ?"

"ಆರಾಮ ಅದೀನ್ರಿ!"

"ಆರಾಮ ಅನಬಾರದವಾ!" ಎಂದು ತಲೆ ಚಚ್ಚಿಕೊಂಡೆ.

"ಕೂಸಿನ ಮ್ಯಾಲೆ ಯಾಕ ಸಿಟ್ಟಾಗತೀರಿ? ನೀವೂ ದಿನಾ ಅದನ್ನೇ ಅಂತೀರಿ" ಎಂದಳು ಶಾಂತಾ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊರಡುವ ಹೊತ್ತಿಗೆ ಹುಡುಗಿ ಪಕ್ಕಾ ಆಗಿದ್ದಳು. ಎಷ್ಟು ಪಕ್ಕಾ ಎಂದರೆ, ಬೆಳಗಾವಿಯ ಬಸ್ಸಿನಲ್ಲಿ ಬಾಜೂ ಕೂತ ಅಜ್ಜಿ "ಆರಾಮೇನವಾ?" ಎಂದದ್ದೇ ತಡ, ಎದ್ದು ನಿಂತು ಜ್ವರದಿಂದ ಕಣ್ಣಿನವರೆಗೆ ಗಟ್ಟಿಯಾಗಿ ಒಪ್ಪಿಸಿಬಿಟ್ಟಳು! ಬಸ್ಸಿಗೆ ಬಸ್ಸೇ ಔಷಧ ಹೇಳತೊಡಗಿತು. ಕಂಡಕ್ಟರ್ ಟಿಕೆಟ್ ಬಿಟ್ಟು ಕಷಾಯ ವಿವರಿಸಿದ. ನನಗೆ ಹೆಮ್ಮೆಯೋ ಹೆಮ್ಮೆ.

ಡಾಕ್ಟರ ಕೋಣೆ ಹೊಕ್ಕಾಗ ಮಾತ್ರ ನನ್ನ ಹೆಮ್ಮೆ ಇಳಿಯಿತು. ಇಷ್ಟು ದಿನ ಹೆಸರಿಲ್ಲದ ರೋಗಕ್ಕೆ ಇವರು ಏನು ಹೆಸರಿಟ್ಟುಬಿಡುತ್ತಾರೋ ಎಂಬ ಭಯ. ಅವರು ಮಗಳನ್ನು ಬಿಟ್ಟು ನನ್ನನ್ನೇ ಕೇಳಿದರು: "ಹೇಗಿದ್ದಾಳೆ ಮಗಳು?"

ನಾನು ಎರಡೂ ಕೈ ಜೋಡಿಸಿದೆ. "ನಿಮ್ಮ ಆಶೀರ್ವಾದದಿಂದ ಆರಾಮ ಅದಾಳ್ರೀ!"

ಶಾಂತಾ ಹಣೆ ಹಿಡಿದುಕೊಂಡಳು.

"ಹಾಗಾದರೆ ಬಂದದ್ದು ಯಾಕೆ?" ಎಂದರು ಡಾಕ್ಟರು. ಬಾಯಿ ತೆರೆದೆ. ಅಷ್ಟು ದಿನ ಕಲಿಸಿದ್ದರಲ್ಲಿ ಒಂದು ಶಬ್ದವೂ ಹೊರಬರಲಿಲ್ಲ!

ಸುಧಾ ಕುರ್ಚಿಯ ತುದಿಗೆ ಸರಿದಳು. "ನಾ ಹೇಳ್ತೇನ್ರಿ" ಎಂದು ಎಲ್ಲವನ್ನೂ ಹೇಳಿದಳು. ಕೊನೆಗೆ ತಾಲೀಮಿನಲ್ಲಿ ಇಲ್ಲದ್ದನ್ನೂ ಹೇಳಿದಳು. "ಮುಂಜಾನಿ ಎದ್ದ ಕೂಡಲೇ ಕುತಗಿ ತಿರಗಸಾಕ ಬರಂಗಿಲ್ರಿ. ಅಪ್ಪ ಅಂಜತಾನಂತ ಮನ್ಯಾಗ ಹೇಳಿಲ್ರಿ."

"ರೋಗ ಗುರುತಿಸಲು ನನಗೆ ಇದೇ ಬೇಕಾಗಿತ್ತು" ಎಂದು ಡಾಕ್ಟರು ಅವಳ ಕಡೆ ತಿರುಗಿ ಕೂತರು. ನನ್ನ ಕಣ್ಣು ತುಂಬಿ ಬಂತು. ಅದನ್ನು ಕಂಡು ಅವರು, "ನೀವು ಸ್ವಲ್ಪ ಹೊರಗೆ ಕೂತು ನೀರು ಕುಡೀರಿ" ಎಂದರು.

ಹೊರಗೆ ನೀರು ತಂದುಕೊಟ್ಟ ನರ್ಸು ನನ್ನ ಮುಖ ನೋಡಿ ಕೇಳಿದಳು: "ಪೇಶಂಟ್ ನೀವೇನ್ರಿ?"

ಅಲ್ಲ ಎನ್ನಲು ಧೈರ್ಯವಾಗಲಿಲ್ಲ.