ಮಾದರಿ ಸಂಖ್ಯೆ ನಾನೂರ ಹನ್ನೆರಡು

ಎಲ್ಲಕ್ಕೂ ಕಾರಣ ಗುಮಾಸ್ತರ ಬಾಯಿ.

"ನಮ್ಮ ಆಫೀಸರ್ ಮೇಡಂಗೆ ಬೇಯಿಸಿದ ಸೇಬು ಅಂದ್ರೆ ಪ್ರಾಣ ಕಣಯ್ಯ. ಸೇಬಿನ ಹೋಳಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉದುರಿಸಿ ಓವನ್ನಲ್ಲಿ ಇಡ್ತಾರಲ್ಲ, ಅದು. ಒಂದು ತಟ್ಟೆ ಮುಂದಿಡು, ನಿನ್ನ ವರ್ಗಾವಣೆಗೆ ಸಹಿ ಬಿತ್ತು ಅಂತ್ಲೇ ತಿಳ್ಕೊ."

ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದ ಅವನನ್ನು ಎಲ್ಲರೂ ಅವಸರಪ್ಪ ಎಂದೇ ಕರೆಯುತ್ತಿದ್ದರು. ಹೆಂಡತಿಗೆ ಕೆಲಸ ಇದ್ದದ್ದು ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿ. ಅಲ್ಲಿಗೆ ವರ್ಗ ಮಾಡಿ ಎಂದು ಮೂರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಕಳೆದ ಸಲ ಹೋದಾಗ ಎರಡು ವರ್ಷದ ಮಗಳು, "ಅಮ್ಮಾ, ಯಾರೋ ಮಾಮ ಬಂದಿದಾರೆ" ಎಂದಿದ್ದಳು. ಈ ವರ್ಷದ ವರ್ಗಾವಣೆ ಪಟ್ಟಿ ಅಂದೇ ಸಂಜೆ ಐದಕ್ಕೆ ಹೊರಡುವುದಿತ್ತು.

ಹೊರಗೆ ಮರಗಳು ಎಲೆ ಉದುರಿಸುವ ಕಾಲ. ಬೀದಿಯ ಗಾಡಿಗಳ ತುಂಬ ಸೇಬು. ಓಡಿಹೋಗಿ ಆರು ಹಣ್ಣು, ಬೆಣ್ಣೆ, ಸಕ್ಕರೆ, ಹಿಟ್ಟು ತಂದ. ಆದರೆ ಅವನ ಬಾಡಿಗೆ ಕೋಣೆಯಲ್ಲಿದ್ದದ್ದು ಒಂಟಿ ಸ್ಟೌ. ಅವನ ಕೈಗೆ ಸಿಗುವ ಓವನ್ ಒಂದೇ, ಮಣ್ಣು ಒಣಗಿಸುವುದು. ಮಣ್ಣಿನ ಡಬ್ಬಿಗಳನ್ನೆಲ್ಲ ಹೊರಗಿಟ್ಟು, ಒಳಗೆ ಮೂರು ಸಲ ಒರೆಸಿ, ನೂರೈದು ಡಿಗ್ರಿಯಲ್ಲಿದ್ದ ಮುಳ್ಳನ್ನು ನೂರೆಂಬತ್ತಕ್ಕೆ ತಿರುಗಿಸಿ ಸೇಬಿನ ತಟ್ಟೆ ಇಟ್ಟ. ಆಮೇಲೆ ಹೆರಿಗೆ ವಾರ್ಡಿನ ಹೊರಗೆ ನಿಂತ ಗಂಡನಂತೆ ಶತಪಥ ಹಾಕತೊಡಗಿದ.

ಅಷ್ಟರಲ್ಲಿ ತೂಕದಕ್ಕ ಬಂದಳು. ಇಪ್ಪತ್ತು ವರ್ಷದಿಂದ ತಕ್ಕಡಿಯ ಮುಂದೆ ಕೂತವಳು. ಓವನ್ನಿನಲ್ಲಿ ಇದ್ದದ್ದನ್ನು ತೂಗಿ ಪುಸ್ತಕದಲ್ಲಿ ಬರೆಯದಿದ್ದರೆ ಅವಳಿಗೆ ಊಟ ಸೇರದು.

"ಅಕ್ಕಾ, ಕೈ ಮುಗೀತೀನಿ, ಬಾಗಿಲು ತೆಗೀಬೇಡಿ!"

ತೆಗೆದೇಬಿಟ್ಟಳು. ತೂಗಿ ಒಳಗಿಟ್ಟಳು. ಹತ್ತು ನಿಮಿಷ ಬಿಟ್ಟು ಮತ್ತೆ ತೂಗಿದಳು.

"ಇನ್ನೂ ತೂಕ ಇಳೀತಾನೇ ಇದೆ ಕಣೋ. ಒಣಗಿಲ್ಲ ಇದು."

"ಒಣಗಬಾರ್ದು ಅಕ್ಕಾ, ರಸ ಇರ್ಬೇಕು!"

"ರಸ ಇದ್ರೆ ವರದಿ ಬರೆಯೋದು ಹೇಗೆ?" ಎಂದು ಗೊಣಗುತ್ತಲೇ ಬರೆದಳು: ಮಾದರಿ ನಾನೂರ ಹನ್ನೆರಡು. ಮೇಲ್ಪದರ ಪುಡಿ, ಕಂದು ಬಣ್ಣ. ಕೆಳಗೆ ಜೌಗು. ಬೇಸಾಯಕ್ಕೆ ಯೋಗ್ಯವಲ್ಲ.

ಪರಿಮಳ ಮೆಟ್ಟಿಲಿಳಿದು ಕಚೇರಿಯೆಲ್ಲ ಸುತ್ತಿತು. ಗುಮಾಸ್ತರು ಚಮಚದ ಸಮೇತ ಹಾಜರಾದರು.

"ರುಚಿ ನೋಡದೆ ಮೇಡಂಗೆ ಕೊಡ್ತಾರೇನಯ್ಯಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು" ಎಂದು ಒಂದು ಮೂಲೆ ಎತ್ತಿದರು. ಆ ಮೂಲೆಯಲ್ಲಿ ಸಕ್ಕರೆ ಸರಿಯಿತ್ತೋ ಇಲ್ಲವೋ ತಿಳಿಯಲಿಲ್ಲವೆಂದು ಇನ್ನೊಂದು ಮೂಲೆಯನ್ನೂ ಎತ್ತಿದರು. ತಟ್ಟೆ ಕಸಿದುಕೊಳ್ಳುವ ಗಡಿಬಿಡಿಯಲ್ಲಿ ಅವಸರಪ್ಪನ ಎರಡು ಬೆರಳು ಸುಟ್ಟವು. ಉಳಿದ ಅರ್ಧ ತಟ್ಟೆಯನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಓಡಿದಾಗ ಐದಕ್ಕೆ ಹತ್ತು ನಿಮಿಷವಿತ್ತು.

ಮೇಡಂ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಪಾಪ, ಇಷ್ಟೆಲ್ಲ ಯಾಕೆ ಮಾಡೋಕ್ಕೆ ಹೋದ್ರಿ? ನಿಮ್ಮ ಅರ್ಜಿಗೆ ಬೆಳಿಗ್ಗೆನೇ ಸಹಿ ಹಾಕಿದ್ದೆ. ಮಗು ವಿಷಯ ಕೇಳಿ ಬೇಜಾರಾಗಿತ್ತು ನಂಗೆ."

ಅವಸರಪ್ಪ ಹಿಗ್ಗಿ ಹೀರೇಕಾಯಿಯಾದ. ಬೆರಳಿನ ಉರಿಯೂ ಮರೆತುಹೋಯಿತು.

"ಆದ್ರೆ ಈಗಷ್ಟೇ ತೂಕದ ಪುಸ್ತಕ ಬಂತು ನೋಡಿ." ಮೇಡಂ ಇನ್ನೊಂದು ಚಮಚ ತೆಗೆದುಕೊಂಡರು. "ಮಾದರಿ ನಾನೂರ ಹನ್ನೆರಡು ಅಂದ್ರೆ ಇದೇ ಅಲ್ವಾ? ಕಚೇರಿ ಓವನ್ನಲ್ಲಿ ಸ್ವಂತ ಅಡುಗೆ. ಬರವಣಿಗೇಲಿ ಬಂದ್ಮೇಲೆ ನಾನು ಸುಮ್ನಿರೋಕಾಗುತ್ತಾ? ತನಿಖೆ ಆಗ್ಲೇಬೇಕು. ಅದು ಮುಗಿಯೋವರೆಗೂ ನೀವು ಇಲ್ಲಿಂದ ಕದಲೋ ಹಾಗಿಲ್ಲ." ಪಟ್ಟಿಯಲ್ಲಿದ್ದ ಅವನ ಹೆಸರಿನ ಮೇಲೆ ಗೆರೆ ಎಳೆದರು.

"ತನಿಖೆ... ಎಷ್ಟು ದಿನ ಆಗ್ಬಹುದು ಮೇಡಂ?" ಅವನ ಧ್ವನಿ ಅಳುವಿನ ಅಂಚಿಗೆ ಬಂದಿತ್ತು.

ಮೇಡಂ ತಟ್ಟೆಯ ತಳ ಕೆರೆದು ಕೊನೆಯ ಚೂರನ್ನು ಬಾಯಿಗೆ ಹಾಕಿಕೊಂಡರು.

"ಹೇಳೋದು ಕಷ್ಟ. ಇದ್ದ ಸಾಕ್ಷ್ಯ ಎಲ್ಲಾ ಮುಗಿದೋಯ್ತಲ್ಲ. ನಾಳೆ ಇನ್ನೊಂದು ತಟ್ಟೆ ಮಾಡ್ಕೊಂಡ್ ಬನ್ನಿ. ಬೆಣ್ಣೆ ಸ್ವಲ್ಪ ಜಾಸ್ತಿ ಇರ್ಲಿ."