ಜತ್ ದಾಟಿ ಮುಂದ ನೆಬ್ರಾಸ್ಕಾ

ನಮ್ಮ ಕಾಕಾ ಅಮೇರಿಕಾದಾಗ ಇರ್ತಾರ. ಊಟಕ್ಕ, ನಿದ್ದಿಗೆ ಅಷ್ಟ ಮಿರಜಿಗೆ ಬರ್ತಾರ. ಪಾಸಪೋರ್ಟ್ ಇಲ್ಲ, ವೀಸಾ ಇಲ್ಲ, ವಿಮಾನ ಅಂತೂ ತಲಿ ಮ್ಯಾಲೆ ಹೋಗೋದನ್ನ ನೋಡಿದ್ದಷ್ಟ. ಆದ್ರೂ ನೆಬ್ರಾಸ್ಕಾ ಅನ್ನೋ ರಾಜ್ಯದಾಗಿನ ಒಂದು ಕೌಂಟಿ ಅವರಿಗೆ ಮಗ್ಗಲಿನ ಕುಪವಾಡಕ್ಕಿಂತ ಹೆಚ್ಚು ಗೊತ್ತು. ಕುಪವಾಡದ ಕಾರಖಾನ್ಯಾಗ ಜೀವಮಾನೆಲ್ಲಾ ದುಡದಾರ, ಆ ಮಾತು ಬ್ಯಾರೆ!

ಕೌಂಟಿ ಅಂದ್ರ ನಮ್ಮ ತಾಲೂಕು ಇದ್ದಂಗ. ಅದರ ಹೆಸರು ಕಾಕಾ ಮುಂಜಾನೆ ಒಂದು ಥರ, ಸಂಜಿಗೆ ಒಂದು ಥರ ಹೇಳ್ತಾರ. ಅದಕ್ಕ ನಾ ಹೆಸರಿನ ಗೊಡವಿಗೆ ಹೋಗಿಲ್ಲ. ರಿಟೈರ್ ಆದಮ್ಯಾಲೆ ಅವರಿಗೊಂದು ಮೊಬೈಲ್ ಕೊಡಿಸಿದ್ವಿ. ಅರಿಶಿಣದ ದರ ನೋಡಾಕ ಹೋಗಿ ಎಲ್ಲೋ ಬಟ್ಟು ತಾಗಿಸಿದ್ರು, ಮರಾಠಿಯೊಳಗ ಈ ಕೌಂಟಿಯ ಮಾಹಿತಿ ಬಂದು ನಿಂತಿತು. ಭೂಗೋಳ, ಜನಸಂಖ್ಯಾ, ಅಷ್ಟ. ಮುಚ್ಚಿದ್ರ ಮತ್ತ ತೆಗಿಯಾಕ ಬರೂದಿಲ್ಲಂತ ಅದನ್ನ ಮುಚ್ಚಲೇ ಇಲ್ಲ. ಮಂದಿ ಮುಂಜಾನೆ ಎದ್ದು ಪುರಾಣ ಓದಿದಂಗ ಕಾಕಾ ಅದನ್ನ ಓದತೊಡಗಿದ್ರು.

"ನಾಲ್ಕೂ ಕಡೆ ಹುಲ್ಲಿನ ದಿನ್ನಿ. ನಡುವ ಒಂದು ಸಣ್ಣ ಹೊಳಿ. ಮಂದಿ ಅಂತೀಯೇನು? ನಮ್ಮ ಗಲ್ಲಿಯೊಳಗ ಒಂದು ತೊಟ್ಟಿಲ ಕಾರ್ಯಕ್ಕ ಕೂಡೋ ಮಂದಿ ಆ ಇಡೀ ತಾಲೂಕಿನ್ಯಾಗ ಇಲ್ಲ!"

ನಂಬಿಕಿ ಬರೂದಿಲ್ಲಂದ್ರ ನೀವು ನಮ್ಮ ಗಲ್ಲಿಯ ತೊಟ್ಟಿಲ ಕಾರ್ಯ ನೋಡಿಲ್ಲ ಅಂತ ಅರ್ಥ.

ಒಂದು ದಿವಸ ನಾವಿಬ್ಬರೂ ಮಿರಜದಿಂದ ಸಾಂಗಲಿಗೆ ಬಸ್ಸಿನ್ಯಾಗ ಹೊಂಟಿದ್ವಿ. ಕಾಲಿಡಾಕ ಜಾಗಾ ಇಲ್ಲ. ಕಂಡಕ್ಟರ್ ಮಾತ್ರ ಎಲ್ಲಾರನ್ನೂ ಮುಂದ ಸರೀರಿ, ಮುಂದ ಸರೀರಿ ಅಂತ ದಬ್ಬತಿದ್ದ. ಕಾಕಾ ಅವನಿಗೆ, "ಏ ತಮ್ಮಾ, ನೆಬ್ರಾಸ್ಕಾದಾಗ ಒಬ್ಬೊಬ್ಬರ ಪಾಲಿಗೆ ಒಂದೊಂದು ಮೈಲಿ ಬರ್ತದ, ಗೊತ್ತೇನು?" ಅಂದ್ರು.

"ಹಂಗಾರ ಮುಂದಿನ ಸ್ಟಾಪ್ ವಿಜಯನಗರಕ್ಕ ಇಳದು ಅದರ ಬಸ್ ಹಿಡೀರಿ ಅಜ್ಜಾ," ಅಂದ ಅವ.

ಕಾಕಾ ಭಾಳ ಗಂಭೀರ ಆಗಿ ಹೇಳಿದ್ರು: "ಆ ಊರಿಗೆ ಬಸ್ ಇಲ್ಲ."

ನನ್ನ ತಂಗಿನ್ನ ನೋಡಾಕ ಬುಧಗಾಂವದಿಂದ ಗಂಡಿನವರು ಬಂದಾಗಂತೂ ಕೇಳಬ್ಯಾಡ್ರಿ! ಪೋಹೆ, ಚಹಾ ಎಲ್ಲಾ ಆಗಿ ಹುಡುಗನ ಅಪ್ಪ ಮಾತು ಸುರು ಮಾಡಬೇಕಂತ ಒಣಭೂಮಿ, ನೀರಾವರಿ ಅಂದ. ಕಾಕಾ ಬಾಯಿ ತೆಗೆದ್ರು. ಹುಲ್ಲಿನ ದಿನ್ನಿ, ಹೊಳಿ, ಕಣ್ಣು ಹಾಯಿಸಿದಷ್ಟೂ ಖುಲ್ಲಾ ಜಮೀನು, ಹೇಳೋರು ಕೇಳೋರು ಯಾರೂ ಇಲ್ಲ. ಹುಡುಗನ ಅಪ್ಪ ಒರಗಿದ್ದಾಂವ ನೆಟ್ಟಗ ಎದ್ದು ಕುಂತ.

"ಎಲ್ಲಿ ಬರ್ತದರಿ ಇದು? ಜತ್ ತಾಲೂಕಿನ್ಯಾಗೇನು?"

"ಇಲ್ಲರಿ," ಅಂದ್ರು ಕಾಕಾ. "ಜತ್ ದಾಟಿ ಮುಂದ."

ಅವರು ಹುಡುಗಿನ್ನ ಅಲ್ಲೇ ಪಸಂದ ಮಾಡಿ ಹೋದ್ರು. ಆಮ್ಯಾಲೆ ನಮ್ಮಪ್ಪ ಹೋಗಿ ಆ ಜಮೀನು ನಮ್ದಲ್ಲಂತ ಖರೇ ಸಂಗತಿ ತಿಳಿಸಿ ಕೈಮುಗಿದು ಬಂದ. ಲಗ್ನ ಆತು, ಅದು ಪುಣ್ಯಾ. ಬೀಗರು ಇವತ್ತಿಗೂ ನಮ್ಮ ಮನಿಗೆ ಬಂದ್ರ ಮೊದಲ ಆ ಜಮೀನಿನ ಬೆಳಿ ಹೆಂಗೈತಿ ಅಂತ ಕೇಳ್ತಾರ.

ಕಾಕಾನ ಹೆಂಡ್ತಿ, ನಮ್ಮ ಕಾಕುಗ ಮಾತ್ರ ಈ ಕೌಂಟಿ ಒಂಚೂರೂ ಸೇರತಿರಲಿಲ್ಲ. ಒಂದು ದಿವಸ ಆಕಿ ಕೇಳಿದ್ಲು, "ಮಗ್ಗಲ ಮನಿ ಅಷ್ಟು ದೂರ ಐತಂದ್ರ ಮಸರಿಗೆ ಹೆಪ್ಪು ಬೇಕಾದ್ರ ಏನ ಮಾಡಬೇಕ್ರಿ?"

ಕಾಕಾ ಊಟ ಮುಗಿಸಿದ್ರು. ಕೈ ತೊಳಕೊಂಡು ಬಂದು ಅಂದ್ರು, "ಹೆಪ್ಪು ಇಲ್ಲಿಂದ ಒಯ್ಯೋಣು."

ಹೆಪ್ಪಿನ ಮಾತು ಬಂದದ್ದು ಸುಮ್ಮನಲ್ಲ. ಎದುರು ಮನಿ ಶೇವಂತಾ ಮಾವಶಿ ದಿನಾ ವಾಟಿ ಹಿಡಕೊಂಡ ನಮ್ಮ ಮನ್ಯಾಗ ಇರೂ ಹೆಂಗಸು. ಹೆಪ್ಪು, ಸಕ್ಕರಿ, ಕರಿಬೇವು, ಏನೂ ಬ್ಯಾಡಾದ್ರ ಸುದ್ದಿ. ನಮ್ಮ ಮನಿ ಅಂದ್ರ ಎರಡ ಖೋಲಿ. ಮೂವರು ಅಣ್ಣತಮ್ಮಂದಿರು, ಅವರ ಹೆಂಡಂದಿರು, ನಾವು ಹುಡುಗರು, ಮ್ಯಾಲೆ ದವಾಖಾನಿಗಂತ ಮಿರಜಿಗೆ ಬಂದು ಇಳಿಯೋ ಅಥಣಿ ಕಡೆ ಬೀಗರು. ಮಿರಜದಾಗ ಮನಿ ಇದ್ದವರಿಗೆ ಬೀಗರ ಕೊರತಿ ಎಲ್ಲಿಂದ ಬರಬೇಕು!

ಈ ವರ್ಷ ಆ ದವಾಖಾನಿಗೆ ನಮ್ಮ ಕಾಕುನ್ನ ಒಯ್ಯೋ ಪಾಳಿ ಬಂತು. ಹೃದಯದ ಆಪರೇಶನ್. ಈಗ ಆಕಿ ಆರಾಮದಾಳ, ಗಾಬರಿ ಆಗಬ್ಯಾಡ್ರಿ. ಆದ್ರ ಅವತ್ತ ನಮಗ ಅದು ಗೊತ್ತಿರಲಿಲ್ಲ. ಭರವಸಾ ಕೊಡಾಕ ಬರೂದಿಲ್ಲಂತ ಡಾಕ್ಟರ್ ಬಾಯಿಬಿಟ್ಟು ಹೇಳಿದ್ರು. ಮರುದಿವಸ ಆಪರೇಶನ್, ಹಿಂದಿನ ಸಂಜಿಗೆ ಕಾಕುನ್ನ ಒಂದು ಖೋಲ್ಯಾಗ ಮಲಗಿಸಿದ್ರು. ಜೋಡಿ ಒಬ್ಬರಷ್ಟ ಇರಬೇಕು ಅನ್ನೋದು ಅಲ್ಲಿನ ಕಾಯದೆ. ಕಾಕಾ ಇದ್ರು.

ನಾ ಡಬ್ಬಿ ತಗೊಂಡು ಹೋದೆ. ಬಾಗಲಿಗೆ ಪರದೆ ಇತ್ತು. ಒಳಗ ಕಾಕಾ ಅದ ಕೌಂಟಿ ಹೇಳಾಕತ್ತಿದ್ರು. ಇಂಥಾ ಹೊತ್ತಿನ್ಯಾಗೂ ಇದನ್ನ ಬಿಡೂದಿಲ್ಲಲ್ಲಾ ಈ ಮನಷಾ ಅಂತ ನನಗ ಸಿಟ್ಟು ನೆತ್ತಿಗೇರಿತು.

"ದಿನ್ನಿ ಮ್ಯಾಲೆ ಒಂದ ಮನಿ. ಹೊರಗ ಎರಡು ಖುರ್ಚಿ."

"ಇಬ್ಬರ ಅಲ್ಲೇನ ಮಾಡೋದರಿ?" ಕಾಕುನ ದನಿ ಸಣ್ಣಗಾಗಿತ್ತು.

"ನೀ ಮಾತಾಡು, ನಾ ಕೇಳ್ತೇನಿ. ಲಗ್ನ ಆದಾಗಿಂದ ನೀ ಒಂದು ಮಾತು ಪೂರಾ ಮುಗಿಸಿದ್ದು ನಾ ಕೇಳಿಲ್ಲ. ನಡುವ ಯಾರರ ಬಂದಬಿಡ್ತಾರ."

"ಹಂಗಾರ ಕೇಳ್ರಿ," ಅಂದು ಕಾಕು ಸುರು ಮಾಡಿದ್ಲು. ನಾ ಡಬ್ಬಿ ಹಿಡಕೊಂಡ ಅಲ್ಲೇ ನಿಂತೆ. ಇಷ್ಟ ವರ್ಷ ಒಂದ ಮನ್ಯಾಗಿದ್ದು ನನಗಿದು ತಿಳದಿರಲಿಲ್ಲ ನೋಡ್ರಿ.

ಅಷ್ಟರಾಗ ಜಿನಿ ಪಾವಟಿಗಿ ಹತ್ತಿ ಗಲ್ಲಿಗೆ ಗಲ್ಲಿನ ಬಂತು! ಆಪರೇಶನ್‌ಗೆ ಮೊದಲ ಮಾರಿ ನೋಡಿ ಹೋಗೋದು ನಮ್ಮಲ್ಲಿ ಪದ್ಧತಿ, ತಪ್ಪಿಸಿದ್ರ ಜನ್ಮಪೂರ್ತಿ ಮಾತು. ಕಾವಲುಗಾರನ್ನ ಹೆಂಗ ಒಲಿಸಿದ್ರೋ, ಎಲ್ಲಾರೂ ಮ್ಯಾಲೆ ಬಂದಿದ್ರು. ಎಲ್ಲಾರ ಮುಂದ ಶೇವಂತಾ ಮಾವಶಿ, ಕೈಯಾಗ ಭಾಕರಿ ಗಂಟು. ನಾ ಬಾಗಲಿಗೆ ಅಡ್ಡ ನಿಂತೆ.

"ಈಗ ಬ್ಯಾಡ್ರಿ ಮಾವಶಿ. ಒಳಗ ಡಾಕ್ಟರ್ ಅದಾರ."

ಮಾವಶಿ ಯಾವಾಗರ ನಮ್ಮ ಮಾತು ನಂಬ್ಯಾಳೇನು? ನನ್ನ ಬಗಲಾಗಿಂದ ಪರದೆ ಸರಿಸಿ ಇಣುಕಿದ್ಲು. ಕಾಕಾ ಕಾಕುನ ಕೈ ಹಿಡಕೊಂಡು, ಆಕಿ ಬಾಯಿ ಹತ್ರ ಕಿವಿ ತಂದು ಕುಂತಿದ್ರು. ಮಾವಶಿ ಒಂದು ಗಳಿಗಿ ಹಂಗ ನಿಂತ್ಲು. ಪರದೆ ಬಿಟ್ಟು ಹೊಳ್ಳಿ ಬಂದಾಗ ಆಕಿ ಕಣ್ಣು ತುಂಬಿದ್ವು.

"ಡಾಕ್ಟರ್ ಅದಾರ," ಅಂದ್ಲು ಹಿಂದಿನವರಿಗೆ. "ಯಾರೂ ಒಳಗ ಹೋಗಬ್ಯಾಡ್ರಿ. ಸುಮ್ಮ ಕುಂದ್ರಿ."

ಹಂಗಂದು ಬಾಗಲಿಗೆ ಬೆನ್ನು ಹಚ್ಚಿ ತಾನ ಕೆಳಗ ಕುಂತ್ಲು. ಇಡೀ ಗಲ್ಲಿ ಗ್ವಾಡಿಗೆ ಹೊಂದಿ ಸಾಲಾಗಿ ಕುಂತಿತು, ಒಬ್ಬರೂ ಪಿಟಕ್ ಅನ್ನಲಿಲ್ಲ. ಒಳಗ ಕಾಕು ಭಾಳ ಹೊತ್ತು ಮಾತಾಡಿದ್ಲು. ನಡುವ ಯಾರೂ ಬರಲಿಲ್ಲ.